ಗಿಟಾರ್ ಬಾಡಿಯ ಕೊಂಬಿನ ಬಳಿ ರೌಟರ್ ಮರವನ್ನು ಸೀಳುತ್ತಿರುವುದೇಕೆ?

ಪ್ರಶ್ನೆ (ಗೋಣಿಕೊಪ್ಪ):
ನಮಸ್ಕಾರ. ನಮ್ಮ ಕಾಫಿ ತೋಟದಲ್ಲಿ ಗಾಳಿಗೆ ಉರುಳಿದ ಸಿಲ್ವರ್ ಓಕ್ ಮರವನ್ನು ಹಲಗೆ ಮಾಡಿಸಿ, ಎರಡು ತುಂಡುಗಳನ್ನು ಅಂಟಿಸಿ, 45 ಮಿ.ಮೀ. ದಪ್ಪದ ಎಲೆಕ್ಟ್ರಿಕ್ ಗಿಟಾರ್ ಬಾಡಿ ಮಾಡುತ್ತಿದ್ದೇನೆ. ಜಿಗ್ ಸಾದಲ್ಲಿ (ಬಾಗು ಕೊಯ್ಯುವ ವಿದ್ಯುತ್ ಗರಗಸ) ಗೆರೆಗಿಂತ 6 ಮಿ.ಮೀ. ಹೊರಗೆ ಕೊಯ್ದು, 9 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟೆಂಪ್ಲೇಟನ್ನು, ಅಂದರೆ ಬಾಡಿಯ ಆಕಾರದ ಮಾದರಿ ಹಲಗೆಯನ್ನು, ಮೇಲೆ ಅಂಟಿಸಿ, ಮೇಲ್ಭಾಗದಲ್ಲಿ ಬೇರಿಂಗ್ (ಟೆಂಪ್ಲೇಟಿನ ಅಂಚಿಗೆ ತಾಗಿ ಉರುಳುವ ಗಾಲಿ) ಇರುವ, ಅಲಗಿನ ಉದ್ದ 25 ಮಿ.ಮೀ. ಇರುವ ಬಿಟ್ಟನ್ನು (ತಿರುಗುತ್ತ ಮರ ಕತ್ತರಿಸುವ ಮೊನೆ) ಹಾಕಿ ಟ್ರಿಮ್ ರೌಟರ್ (ಅಂಚು ಕತ್ತರಿಸುವ ಸಣ್ಣ ಕೈಯಂತ್ರ) ಓಡಿಸಿದೆ. ಕೆಳಗಿನ ಕೊಂಬಿನ (ನೆಕ್ಕಿನ ಪಕ್ಕಕ್ಕೆ ಚಾಚಿಕೊಂಡ ಬಾಡಿಯ ತುದಿ; ನೆಕ್ ಎಂದರೆ ಗಿಟಾರಿನ ಕತ್ತು) ಬಳಿ ಹೆಬ್ಬೆರಳಿನಷ್ಟು ಮರ ಕಿತ್ತು ಹಾರಿತು. ಒಂದೆಡೆ ಟೆಂಪ್ಲೇಟೇ ಕೊರೆದುಹೋಗಿದೆ. ಸೊಂಟದ ಬಾಗಿನಲ್ಲಿ ಮರ ಸುಟ್ಟು ಕಪ್ಪಾಗಿದೆ. ತಪ್ಪು ರೌಟರಿನದೋ, ನನ್ನದೋ?

ಉತ್ತರ (ಸೋಮವಾರಪೇಟೆ):
ರೌಟರನ್ನು ದೂರುವ ಮೊದಲು ಒಂದು ಲೆಕ್ಕ ನೋಡಿ. ಅಲಗು 25, ಟೆಂಪ್ಲೇಟ್ 9. ಬೇರಿಂಗ್ ಟೆಂಪ್ಲೇಟಿಗೆ ತಾಗಬೇಕಾದರೆ ಅಲಗು ಮರದೊಳಗೆ ಕನಿಷ್ಠ 16 ಮಿ.ಮೀ. ಇಳಿಯಲೇಬೇಕು. ಕಡಿಮೆ ಇಳಿಸಿದಾಗ ಬೇರಿಂಗ್ ಗಾಳಿಯಲ್ಲಿ ತಿರುಗಿ ಅಲಗು ಟೆಂಪ್ಲೇಟನ್ನು ಕೊರೆಯಿತು. ಪೂರ್ತಿ ಇಳಿಸಿದಾಗ ಆ ಸಣ್ಣ ಯಂತ್ರದ ಮೇಲೆ ತಾಳಲಾರದ ಹೊರೆ ಬಿತ್ತು. 12 ಮಿ.ಮೀ. ಅಲಗಿನ ಬಿಟ್ ತಂದು, ಒಂದು ಸುತ್ತಿಗೆ 4 ಅಥವಾ 5 ಮಿ.ಮೀ. ಮಾತ್ರ ಇಳಿಸಿ. ಮೊದಲ ಸುತ್ತುಗಳು ಮುಗಿದ ಮೇಲೆ ಟೆಂಪ್ಲೇಟ್ ತೆಗೆದು, ಕತ್ತರಿಸಿದ ಮರದ ಗೋಡೆಯ ಮೇಲೆಯೇ ಬೇರಿಂಗ್ ಓಡಲಿ. ಉಳಿದುದನ್ನು ಬಾಡಿ ಮಗುಚಿ ಹಾಕಿ, ತುದಿಯಲ್ಲಿ ಬೇರಿಂಗ್ ಇರುವ ಬಿಟ್ಟಿನಿಂದ ತೆಗೆಯಿರಿ. ಜಿಗ್ ಸಾದಲ್ಲಿ 6 ಅಲ್ಲ, 2 ಮಿ.ಮೀ. ಬಿಟ್ಟರೆ ಸಾಕು.

ಕೊಂಬು ಕಿತ್ತುಹೋದ ಕಾರಣ ಮಾತ್ರ ಬೇರೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ದಿಕ್ಕಿನಲ್ಲಿ ತಿರುಗುವುದರಿಂದ ಬಾಡಿಯ ಹೊರ ಅಂಚಿನಲ್ಲಿ ರೌಟರನ್ನು ಅದರ ವಿರುದ್ಧ ದಿಕ್ಕಿಗೆ ಸಾಗಿಸುತ್ತೇವೆ, ಅದು ಸರಿಯೇ. ಆದರೆ ಮರದ ಎಳೆ ನೇರವಾಗಿರುತ್ತದೆ, ಅಂಚು ಬಾಗಿರುತ್ತದೆ. ಆದ್ದರಿಂದ ಪ್ರತಿಯೊಂದು ಬಾಗಿನ ಒಂದು ಬದಿಯಲ್ಲಿ ಅಲಗು ಎಳೆಯನ್ನು ಅದುಮುತ್ತ ಸಾಗಿದರೆ, ಇನ್ನೊಂದು ಬದಿಯಲ್ಲಿ ಎಳೆಯ ಬುಡಕ್ಕೆ ಕೈಹಾಕಿ ಸಿಬಿರೆಬ್ಬಿಸುತ್ತದೆ. ಕೊಂಬಿನ ತುದಿಯಲ್ಲಿ ಆ ಎಳೆಗಳಿಗೆ ಹಿಂದಿನಿಂದ ಆಸರೆಯೂ ಇರುವುದಿಲ್ಲ. ಸಿಲ್ವರ್ ಓಕ್‌ನ ಅಂದವಾದ ಜಾಲರಿ ಗೆರೆಗಳಿವೆಯಲ್ಲ, ಅಲ್ಲಿ ಈ ಅಪಾಯ ಇನ್ನೂ ಹೆಚ್ಚು. ಎಲ್ಲೆಲ್ಲಿ ಎಳೆ ಎದುರು ಬೀಳುತ್ತದೆಯೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಆ ಭಾಗಗಳನ್ನು ಬಾಡಿ ಮಗುಚಿಯೇ ಕತ್ತರಿಸಿ. ಮಗುಚಿದಾಗ ಎದುರಿದ್ದ ಎಳೆ ಅನುಕೂಲಕ್ಕೆ ಬರುತ್ತದೆ.

ಉತ್ತರ (ವಿರಾಜಪೇಟೆ):
ಸುಟ್ಟ ಕಲೆಗೆ ಮೊಂಡಾದ ಅಲಗು ಅಥವಾ ಬಾಗಿನಲ್ಲಿ ಕೈ ತಡೆದು ನಿಂತದ್ದು ಕಾರಣವಿರಬಹುದು. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ಇಳಿದಾಗ ರೌಟರಿನ ವೇಗವೂ ಕುಗ್ಗುತ್ತದೆ, ಅದನ್ನೂ ಗಮನಿಸಿ. ಹಾರಿದ ಚೂರು ಸಿಕ್ಕಿದ್ದರೆ ಅದನ್ನೇ ಮರದ ಅಂಟಿನಿಂದ ಕೂರಿಸಿ, ಇಡೀ ರಾತ್ರಿ ಕ್ಲ್ಯಾಂಪ್ ಬಿಗಿದಿಡಿ. ಸಿಕ್ಕದಿದ್ದರೆ ಅದೇ ಹಲಗೆಯಿಂದ ಎಳೆ ಹೊಂದುವ ತುಂಡು ಕೂರಿಸಬೇಕೇ ಹೊರತು, ಹೊಟ್ಟು ಮತ್ತು ಅಂಟು ಕಲೆಸಿ ತುಂಬಬಾರದು; ಪಾಲಿಶ್ ಹಚ್ಚಿದೊಡನೆ ಅದು ಎದ್ದು ಕಾಣುತ್ತದೆ. ಅಂದಹಾಗೆ, ಹಲಗೆ ಕೊಯ್ಸಿ ಎಷ್ಟು ಕಾಲವಾಯಿತು? ಸಿಲ್ವರ್ ಓಕ್‌ನ ಹುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲವಾದ್ದರಿಂದ ತುಂಬುತೋಳಿನ ಅಂಗಿ ಮತ್ತು ಮಾಸ್ಕ್ ಇರಲಿ.

ಪ್ರಶ್ನೆ ಕೇಳಿದವರಿಂದ:
ಚೂರು ಹೊಟ್ಟಿನ ರಾಶಿಯಲ್ಲಿ ಸಿಕ್ಕಿತು. ಅಂಟಿಸಿ, ಮರುದಿನ ಬಾಡಿ ಮಗುಚಿ 4 ಮಿ.ಮೀ.ಯಂತೆ ಇಳಿಸಿದಾಗ ಕೊಂಬು ಸಿಬಿರಿಲ್ಲದೆ ಬಂತು. ಹಲಗೆ ಒಂದು ವರ್ಷದಿಂದ ಅಟ್ಟದ ಮೇಲಿತ್ತು. ಆದರೂ ಅದರ ಉಳಿದ ತುಂಡನ್ನು ಮೆಣಸು ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದಾಗ ತೂಕ ಇನ್ನೂ ಇಳಿಯುತ್ತಿದೆ, ಅಂದರೆ ಮರ ಪೂರ್ತಿ ಒಣಗಿಲ್ಲ. ಆದ್ದರಿಂದ ನೆಕ್ ಕೂರಿಸುವ 16 ಮಿ.ಮೀ. ಆಳದ ಗುಂಡಿಯನ್ನು ತೂಕ ಸ್ಥಿರವಾದ ಮೇಲೆಯೇ ತೋಡುತ್ತೇನೆ. ಒಳಗಿನ ಗುಂಡಿಯಾದ್ದರಿಂದ ಅಲ್ಲಿ ರೌಟರನ್ನು ಗಡಿಯಾರದ ದಿಕ್ಕಿಗೇ ಸಾಗಿಸಬೇಕಲ್ಲವೇ?

ಉತ್ತರ (ಸೋಮವಾರಪೇಟೆ):
ಹೌದು. ಮೊದಲು ಹಾಳು ಹಲಗೆಯ ಮೇಲೆ ಒಂದು ಗುಂಡಿ ತೋಡಿ, ನೆಕ್ ಅದರಲ್ಲಿ ಬಿಗಿಯಾಗಿ ಕೂರುವುದೇ ಎಂದು ನೋಡಿಕೊಳ್ಳಿ.