ಸಮ್ಮೇಳನಕ್ಕೆ ಸೆಷನ್ ಪ್ರಪೋಸಲ್ ಬರೆಯುತ್ತಿದ್ದೀರಾ? ಕೇಳಿ: ಜೆನೆಟಿಕ್ ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಕೌನ್ಸೆಲರ್: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ಕೆಲಸ, ಮಾಡುತ್ತಿದ್ದೇನೆ. ನಮ್ಮ ವೃತ್ತಿಯವರ ಸಮ್ಮೇಳನಕ್ಕೆ ಬರುವ ಸೆಷನ್ ಪ್ರಪೋಸಲ್‌ಗಳನ್ನು ಓದಿ ಅಂಕ ಕೊಡುವವರಲ್ಲಿ ನಾನೂ ಒಬ್ಬಳು. ಹೋದ ಸಲ ಒಳ್ಳೆಯ ವಿಷಯಗಳು ಕೆಟ್ಟ ಬರವಣಿಗೆಯಿಂದ ಬಿದ್ದುಹೋದವು, ನನಗೆ ತುಂಬಾ ಬೇಸರವಾಯಿತು. ಅದಕ್ಕೇ ಈ ಭಾನುವಾರ ಪೂರ್ತಿ ಇಲ್ಲಿ ಇರುತ್ತೇನೆ, ಕೇಳಿ. ಕೊನೆಯ ದಿನಾಂಕ, ಫಾರಂ, ಪದಮಿತಿ ಎಲ್ಲ ಪಿನ್ ಮಾಡಿದ ಪೋಸ್ಟ್‌ನಲ್ಲಿದೆ.

ವಿದ್ಯಾರ್ಥಿನಿ, ಯಲಹಂಕ: ಮೇಡಂ, ಕಲಿಕೆಯ ಉದ್ದೇಶ ಅಂತ ಮೂರು ಸಾಲು ಕೇಳಿದ್ದಾರೆ. ನಾನು 'ಥಲಸ್ಸೀಮಿಯಾ ಬಗ್ಗೆ ಅರಿವು ಮೂಡಿಸುವುದು' ಅಂತ ಬರೆದಿದ್ದೇನೆ. ಸಾಕಾ?

ಕೌನ್ಸೆಲರ್: ಸಾಲದು. ಅರಿವು ಮೂಡಿತೋ ಇಲ್ಲವೋ ಅಂತ ಯಾರು ಅಳೆಯುತ್ತಾರೆ? ಕೇಳಿಸಿಕೊಂಡವರು ಸೋಮವಾರ ಒಪಿಡಿಯಲ್ಲಿ ಹೊಸದಾಗಿ ಏನು ಮಾಡುತ್ತಾರೆ, ಅದನ್ನು ಬರೆಯಿರಿ. ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾ. ರಕ್ತದಲ್ಲಿ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಪ್ರಮಾಣ 3.5%ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ವಾಹಕರು (ತಮಗೆ ಕಾಯಿಲೆ ಇಲ್ಲದೆ ಅದರ ಜೀನ್ ಹೊತ್ತವರು) ಅನ್ನುತ್ತೇವೆ. ಆದರೆ ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಆ ಅಂಕಿ ಇಳಿದುಬಿಡಬಹುದು, ವಾಹಕಿಯಾದ ಬಸುರಿಗೆ 'ನಾರ್ಮಲ್' ಅಂತ ಹೇಳಿ ಕಳಿಸಿಬಿಡುತ್ತೇವೆ. 'ಭಾಗವಹಿಸಿದವರು ನಾಲ್ಕು ರಿಪೋರ್ಟ್ ಓದಿ, ಯಾರಿಗೆ ಮತ್ತೆ ಪರೀಕ್ಷೆ ಬೇಕು, ಯಾರ ಗಂಡನನ್ನು ಕರೆಸಬೇಕು ಎಂದು ತೀರ್ಮಾನಿಸುತ್ತಾರೆ' ಅಂತ ಬರೆಯಿರಿ. ಇದನ್ನು ಅಳೆಯಬಹುದು. ಇಂಥವು ಎರಡಿದ್ದರೂ ಸಾಕು.

ನರ್ಸ್, ಹೆಬ್ಬಾಳ: ಕೊನೆಯ ದಿನಾಂಕ ಯಾವಾಗ ಮೇಡಂ?

ಕೌನ್ಸೆಲರ್: ಪಿನ್ ಮಾಡಿದ ಪೋಸ್ಟ್ ನೋಡಿ.

ಲ್ಯಾಬ್ ಉದ್ಯೋಗಿ, ವೈಟ್‌ಫೀಲ್ಡ್: ನಮ್ಮ ಕಂಪನಿಯ ಕ್ಯಾರಿಯರ್ ಸ್ಕ್ರೀನಿಂಗ್ ಪ್ಯಾನೆಲ್ (ವಾಹಕರನ್ನು ಪತ್ತೆಮಾಡುವ ಪರೀಕ್ಷೆಗಳ ಗುಂಪು) ಬಗ್ಗೆ ಸೆಷನ್ ಕೊಡಬಹುದಾ? ಮಾತಾಡುವವರು ಮೂವರೂ ನಮ್ಮವರೇ.

ಕೌನ್ಸೆಲರ್: ಕಂಪನಿಯ ಹೆಸರು, ಪ್ಯಾನೆಲ್ ಹೆಸರು ಎರಡನ್ನೂ ಅಳಿಸಿ ಓದಿ ನೋಡಿ. ಆಮೇಲೂ ಕಲಿಯುವಂಥದ್ದು ಉಳಿದರೆ ಕಳಿಸಿ, ಸಂಬಳ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲ ಸ್ಲೈಡ್‌ನಲ್ಲೇ ಹಾಕಿ. ಉಳಿಯದಿದ್ದರೆ ಅದು ಸ್ಟಾಲ್‌ನ ಕೆಲಸ, ಸೆಷನ್ ಅಲ್ಲ. ಮೂವರೂ ಒಂದೇ ಕಡೆಯವರು ಬೇಡ, ಸರ್ಕಾರಿ ಆಸ್ಪತ್ರೆಯ ಒಬ್ಬರನ್ನು ಸೇರಿಸಿಕೊಳ್ಳಿ.

ಹೊಸ ಕೌನ್ಸೆಲರ್, ವಿಜಯನಗರ: ಅಕ್ಕಾ, ನನ್ನ ಮೊದಲ ಪ್ರಪೋಸಲ್ ಇದು. ನನ್ನ ಹತ್ತಿರ ಒಂದು ಅಪರೂಪದ ಫ್ಯಾಮಿಲಿ ಇದೆ. ಹಂಟಿಂಗ್ಟನ್ ಕಾಯಿಲೆ (ವಂಶದಲ್ಲಿ ಬರುವ ಮಿದುಳಿನ ಕಾಯಿಲೆ), ಐದು ತಲೆಮಾರಿನ ವಂಶವೃಕ್ಷ. [ಊರು ಮತ್ತು ಮನೆತನದ ವಿವರ ತೆಗೆದಿದ್ದೇನೆ.] ಮೊಮ್ಮಗಳಿಗೆ 23 ವರ್ಷ, ಲಕ್ಷಣ ಏನೂ ಇಲ್ಲ, ಟೆಸ್ಟ್ ಪಾಸಿಟಿವ್ ಬಂದಿದೆ. ಹೆಸರು ತೆಗೆದು ವಂಶವೃಕ್ಷವನ್ನು ಹಾಗೇ ಹಾಕಬಹುದಲ್ವಾ? ಪರೀಕ್ಷೆಗೆ ಅವರ ಸಹಿ ಇದೆ.

ಕೌನ್ಸೆಲರ್: ನಾನು ಕಾಲ್ ಮಾಡಿದ ಕೂಡಲೇ ಕಾಮೆಂಟ್ ತಿದ್ದಿದ್ದಕ್ಕೆ ಥ್ಯಾಂಕ್ಸ್. ಮೊದಲು ಊರು, ತಾಲೂಕು, ಅವರ ಅಂಗಡಿ ಯಾವ ವ್ಯಾಪಾರದ್ದು, ಎಲ್ಲ ಇತ್ತು. ಈ ಗುಂಪಿನಲ್ಲಿ ಆ ಕಡೆಯವರು ಇರಬಹುದು. ನಿಮ್ಮ ಮೇಲೆ ಕೋಪ ಇಲ್ಲ, ಆದರೆ ಇಡೀ ದಿನದಲ್ಲಿ ನನಗೆ ಭಯ ಹುಟ್ಟಿಸಿದ ಪ್ರಶ್ನೆ ಇದೇ. ಅದಕ್ಕೆ ಉದ್ದ ಬರೆಯುತ್ತೇನೆ.

ಹೆಸರು ತೆಗೆದರೆ ಗುರುತು ಹೋಗುವುದಿಲ್ಲ. ಎಷ್ಟು ಮಕ್ಕಳು, ಯಾವ ಕ್ರಮದಲ್ಲಿ, ಅವಳಿ ಯಾರು, ಯಾರು ಯಾವ ವಯಸ್ಸಿಗೆ ತೀರಿಕೊಂಡರು, ಯಾರಿಗೆ ಸೋದರಮಾವನ ಜೊತೆ ಮದುವೆ, ಇಷ್ಟಿದ್ದರೆ ನೆಂಟರಿಗೆ ಸಾಕು. ಸ್ಲೈಡ್ ತೆರೆದ ಎರಡು ನಿಮಿಷಕ್ಕೆ ಯಾರೋ ಫೋಟೋ ತೆಗೆಯುತ್ತಾರೆ, ಸಂಜೆಗೆ ಅದು ಯಾವ ವಾಟ್ಸಾಪ್ ಗುಂಪಿನಲ್ಲಿರುತ್ತದೋ ಹೇಳಲಾಗದು. ಆ ಹುಡುಗಿಗೆ 23 ಅಂದಿರಿ. ಮನೆಯಲ್ಲಿ ಗಂಡು ಹುಡುಕುವ ಮಾತು ನಡೆಯುವ ವಯಸ್ಸು. ಅವಳಿಗೆ ಕಾಯಿಲೆ ಶುರುವಾಗುವುದಕ್ಕೆ ಹತ್ತು ಇಪ್ಪತ್ತು ವರ್ಷ ಇರಬಹುದು, ನಿಮ್ಮ ಸ್ಲೈಡ್‌ನಿಂದ ಕಷ್ಟ ನಾಳೆಯೇ ಶುರುವಾಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಲಕ್ಷಣ ಇಲ್ಲದೆ ಪಾಸಿಟಿವ್ ಬಂದವರ ಚಿಹ್ನೆಯ ನಡುವೆ ಉದ್ದ ಗೆರೆ ಎಳೆಯುತ್ತೇವೆ, ಅಲ್ವಾ? ಮೊಮ್ಮಗಳ ವೃತ್ತದಲ್ಲಿ ಆ ಗೆರೆ ಎಳೆದ ಕೂಡಲೇ, ಕಾಯಿಲೆ ಇರುವ ಅಜ್ಜನಿಗೂ ಅವಳಿಗೂ ನಡುವೆ ಇರುವ ಅವಳ ತಂದೆಯ ಫಲಿತಾಂಶವೂ ಬಯಲಾಯಿತು. ಅವರು ಟೆಸ್ಟ್ ಮಾಡಿಸಿದ್ದಾರಾ? ತನಗೆ ಗೊತ್ತಾಗುವುದೇ ಬೇಡ ಅಂತ ಇದ್ದರೆ? ಹಂಟಿಂಗ್ಟನ್‌ನಲ್ಲಿ ಪ್ರತಿ ಮಗುವಿಗೂ 50% ಸಾಧ್ಯತೆ ಅಂತ ಗೊತ್ತಿದ್ದೂ ತುಂಬಾ ಜನ ಟೆಸ್ಟ್ ಬೇಡ ಅನ್ನುತ್ತಾರೆ, ಹಾಗೆ ಅನ್ನುವ ಹಕ್ಕು ಅವರಿಗಿದೆ. ನಾವೇ ಒಪಿಡಿಯಲ್ಲಿ ಅದನ್ನು ಹೇಳಿ, ಆಮೇಲೆ ಪರದೆಯ ಮೇಲೆ ಮುರಿಯಬಾರದು.

ಸಹಿ ಇದೆ ಅಂದಿರಿ. ಅದು ರಕ್ತ ತೆಗೆಯುವುದಕ್ಕೆ ಕೊಟ್ಟ ಸಹಿ. ಸಭೆಯಲ್ಲಿ ತೋರಿಸುವುದಕ್ಕೆ ಬೇರೆ ಒಪ್ಪಿಗೆ ಬೇಕು, ಅದೂ ಸ್ಲೈಡನ್ನೇ ತೋರಿಸಿ, ಅವರ ಭಾಷೆಯಲ್ಲಿ ವಿವರಿಸಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊರಡಿಸಿದ 2017ರ ನೀತಿ ಮಾರ್ಗಸೂಚಿ ಒಮ್ಮೆ ಓದಿ. ಹಾಗಂತ ಗಂಡನ್ನು ಹೆಣ್ಣು ಮಾಡಿ, ಒಬ್ಬ ತಮ್ಮನನ್ನು ಸೇರಿಸಿ, ನಿಜವಾದ ಫ್ಯಾಮಿಲಿ ಅಂತ ತೋರಿಸುವುದೂ ತಪ್ಪು. ಅದು ಸುಳ್ಳು ದಾಖಲೆ. ನಿಮ್ಮ ಸೆಷನ್ ಇರಬೇಕಾದದ್ದು 'ತಂದೆಗೆ ಬೇಡ, ಮಗಳಿಗೆ ಬೇಕು ಅಂದಾಗ ಕೌನ್ಸೆಲರ್ ಏನು ಮಾಡಬೇಕು' ಅನ್ನುವುದರ ಬಗ್ಗೆ. ಅದಕ್ಕೆ ಈ ಮನೆಯೇ ಬೇಕಾಗಿಲ್ಲ. ಮೂರು ತಲೆಮಾರಿನ ಕಾಲ್ಪನಿಕ ವಂಶವೃಕ್ಷ ಬರೆಯಿರಿ, ಕಲಿಕೆಗಾಗಿ ರಚಿಸಿದ್ದು ಅಂತ ಸ್ಲೈಡ್‌ನಲ್ಲೇ ಹಾಕಿ. ಇಬ್ಬರು ತಂದೆ-ಮಗಳಾಗಿ ಮಾತಾಡಲಿ, ಸಭೆಯವರು ಕೌನ್ಸೆಲರ್ ಆಗಲಿ. ಹಾಗೆ ಬಂದರೆ ಈ ಪ್ರಪೋಸಲ್‌ಗೆ ನಾನು ಒಳ್ಳೆಯ ಅಂಕ ಕೊಡುತ್ತೇನೆ.

ನರ್ಸ್, ಹೆಬ್ಬಾಳ: ಗರ್ಭಿಣಿ ಇರುವ ವಂಶವೃಕ್ಷ ಹಾಕಬಹುದಾ ಮೇಡಂ?

ಕೌನ್ಸೆಲರ್: ಒಳ್ಳೆಯ ಪ್ರಶ್ನೆ. ಹೊಟ್ಟೆಯಲ್ಲಿರುವ ಮಗುವಿಗೆ ವಜ್ರಾಕಾರದ ಚಿಹ್ನೆ ಮಾತ್ರ. ಗಂಡಿನ ಚೌಕವೂ ಬೇಡ, ಹೆಣ್ಣಿನ ವೃತ್ತವೂ ಬೇಡ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ಪ್ರಕಾರ ಭ್ರೂಣ ಗಂಡೋ ಹೆಣ್ಣೋ ಅಂತ ಮಾತಿನಲ್ಲಿ ಮಾತ್ರ ಅಲ್ಲ, ಸನ್ನೆಯಲ್ಲೂ ತಿಳಿಸುವ ಹಾಗಿಲ್ಲ. ಹೊರದೇಶದ ಸ್ಲೈಡ್ ನಕಲು ಮಾಡುವವರು ಇಲ್ಲೇ ಎಡವುತ್ತಾರೆ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ: ಮೇಡಂ, ಇದು ನನಗೆ ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. 'ಮದುವೆಗೆ ಮುಂಚೆ 48 ದಿನ ಅಮೃತಬಳ್ಳಿ, ಅಶ್ವಗಂಧ, ಜೀರಿಗೆ ಕಷಾಯ ಕುಡಿದರೆ ವಂಶದ ದೋಷ ತೊಳೆದುಹೋಗುತ್ತದೆ. ರಕ್ತಹೀನತೆಯ ಮಕ್ಕಳಿಗೆ ಬೀಟ್‌ರೂಟ್ ರಸ, ಕಬ್ಬಿಣದ ಟಾನಿಕ್ ಕೊಡಿ.' ಇದರ ಬಗ್ಗೆಯೂ ಒಂದು ಸೆಷನ್ ಇಡಬಹುದಲ್ಲ?

ಕೌನ್ಸೆಲರ್: ಮೇಷ್ಟ್ರೇ, ನಿಮ್ಮ ವಯಸ್ಸಿಗೆ ಗೌರವ ಇದೆ, ಆದರೆ ಇದನ್ನು ದಯವಿಟ್ಟು ಅಳಿಸಿ. ಯಾವ ಕಷಾಯವೂ ಜೀನ್ ಬದಲಿಸುವುದಿಲ್ಲ. ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಗುವಿನ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಇರುತ್ತದೆ, ಹೃದಯದಲ್ಲಿ, ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ಮಾತ್ರೆ ಕೊಡುತ್ತೇವೆ, ನೀವು ಮೇಲಿಂದ ಟಾನಿಕ್ ಕುಡಿಸಿ ಅನ್ನುತ್ತೀರಿ.

ಇನ್ನು 48 ದಿನ. ಬಸುರಿಯರೂ ಇಂಥದ್ದನ್ನು ನಂಬಿ ಕಾಯುತ್ತಾರೆ, ಅವರಿಗೆ ಅಷ್ಟು ಸಮಯ ಇರುವುದಿಲ್ಲ. ಕೋರಿಯಾನಿಕ್ ವಿಲ್ಲಸ್ ಪರೀಕ್ಷೆಗೆ (ಮಾಸಿನ ತುಣುಕು ತೆಗೆದು ಮಾಡುವುದು) ಸಾಮಾನ್ಯವಾಗಿ 11ರಿಂದ 14ನೇ ವಾರ, ಗರ್ಭದ ನೀರಿನ ಪರೀಕ್ಷೆಗೆ 15 ವಾರ ಕಳೆದಿರಬೇಕು, ರಿಪೋರ್ಟ್‌ಗೆ ಮತ್ತೆ ಸಮಯ ಬೇಕು. ಗರ್ಭಪಾತದ ಕಾಯ್ದೆಗೆ 2021ರ ತಿದ್ದುಪಡಿ ಆದಮೇಲೂ, ಗರ್ಭ ತೆಗೆಸಲು 24 ವಾರ ದಾಟಿದರೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಎರಡನೇ ಬಸಿರಿನಲ್ಲಿ ಇಂಥದ್ದನ್ನೇ ನಂಬಿ ಏಳು ವಾರ ಕಾದು, 22ನೇ ವಾರದಲ್ಲಿ ನನ್ನ ಮುಂದೆ ಬಂದು ಕೂತ ದಂಪತಿ ಇನ್ನೂ ಕಣ್ಣ ಮುಂದೆ ಇದ್ದಾರೆ. ಬಸಿರಿಗೆ ಒಂದು ತಿಂಗಳು ಮುಂಚಿನಿಂದ 12ನೇ ವಾರದ ತನಕ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತಗೊಂಡರೆ ಬೆನ್ನುಹುರಿಯ ದೋಷ ತಕ್ಕಮಟ್ಟಿಗೆ ತಪ್ಪುತ್ತದೆ. ಫಾರ್ವರ್ಡ್ ಮಾಡಲೇಬೇಕಾದರೆ ಅದನ್ನು ಮಾಡಿ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ: ಒಳ್ಳೇದಾಗಲಿ ಅಂತ ಹಾಕಿದೆ. ಅಳಿಸಿದ್ದೇನೆ.

ಮಕ್ಕಳ ಡಾಕ್ಟರ್, ಜಯನಗರ: ನನ್ನ ಪ್ರಪೋಸಲ್ ಶೀರ್ಷಿಕೆ 'ಸೋದರ ಸಂಬಂಧದ ಮದುವೆ ಎಂಬ ಪಿಡುಗು'. ನೇರವಾಗಿ ಹೇಳುವವರು ಬೇಕು ನಮಗೆ.

ಲ್ಯಾಬ್ ಉದ್ಯೋಗಿ, ವೈಟ್‌ಫೀಲ್ಡ್: ಸರ್, ನಮ್ಮ ಅಮ್ಮ ಮದುವೆಯಾಗಿದ್ದು ಅವರ ಸೋದರಮಾವನನ್ನೇ. ನಾವು ಮೂರು ಮಕ್ಕಳೂ ಚೆನ್ನಾಗಿದ್ದೇವೆ. ಪಿಡುಗು ಅಂದರೆ ಯಾರು?

ಮಕ್ಕಳ ಡಾಕ್ಟರ್, ಜಯನಗರ: ನಿಮ್ಮ ಮನೆ ಒಂದು ಉದಾಹರಣೆ ಅಷ್ಟೇ. ನನ್ನ ವಾರ್ಡಿಗೆ ಬಂದು ನೋಡಿ.

ವಿದ್ಯಾರ್ಥಿನಿ, ಯಲಹಂಕ: ಸೋದರಮಾವನ ಜೊತೆ ಮದುವೆ ಕಾನೂನಿನಲ್ಲೇ ಇಲ್ಲ ಅಂತ ಕೇಳಿದ್ದೆ?

ಲ್ಯಾಬ್ ಉದ್ಯೋಗಿ, ವೈಟ್‌ಫೀಲ್ಡ್: ತಪ್ಪು. 1955ರ ಹಿಂದೂ ವಿವಾಹ ಕಾಯ್ದೆ ನಿಷೇಧಿತ ಸಂಬಂಧದ ಪಟ್ಟಿ ಕೊಟ್ಟಿದೆ, ರೂಢಿ ಇರುವ ಕಡೆ ಬಿಟ್ಟಿದೆ. ಓದದೆ ಹೇಳಬೇಡಿ.

ಮಕ್ಕಳ ಡಾಕ್ಟರ್, ಜಯನಗರ: ಕಾನೂನು ಬಿಟ್ಟರೆ ಜೀನ್ ಬಿಡುತ್ತದಾ? ಲ್ಯಾಬ್‌ನಲ್ಲಿ ಕೂತವರಿಗೆ ಮಕ್ಕಳ ಅಳು ಕೇಳುವುದಿಲ್ಲ.

ಲ್ಯಾಬ್ ಉದ್ಯೋಗಿ, ವೈಟ್‌ಫೀಲ್ಡ್: ನಿಮ್ಮ ಹತ್ತಿರ ಬಂದ ತಾಯಿ ಈ ಶೀರ್ಷಿಕೆ ನೋಡಿದರೆ ಮತ್ತೆ ಬರುತ್ತಾಳಾ ಸರ್? ಅದನ್ನು ಹೇಳಿ.

ಕೌನ್ಸೆಲರ್: ಇಬ್ಬರೂ ನಿಲ್ಲಿಸಿ. ಡಾಕ್ಟರೇ, ಲೆಕ್ಕ ಹೀಗಿದೆ: ಯಾವ ದಂಪತಿಗಾದರೂ ಹುಟ್ಟುವ ಮಗುವಿಗೆ 2-3% ದೋಷದ ಸಾಧ್ಯತೆ ಇದ್ದೇ ಇದೆ. ಅತ್ತೆಮಗಳು-ಮಾವನಮಗನ ಮದುವೆಯಲ್ಲಿ ಅದರ ಮೇಲೆ ಸುಮಾರು 2-3% ಸೇರುತ್ತದೆ. ಅವರ ಜೀನ್‌ಗಳಲ್ಲಿ ಎಂಟನೇ ಒಂದು ಭಾಗ ಒಂದೇ, ಸೋದರಮಾವ-ಸೋದರಸೊಸೆಗೆ ನಾಲ್ಕನೇ ಒಂದು ಭಾಗ, ಅಲ್ಲಿ ಅಪಾಯ ಇನ್ನೂ ಜಾಸ್ತಿ. ಮನೆಯಲ್ಲಿ ಕಾಯಿಲೆ ಮೊದಲೇ ಕಾಣಿಸಿದ್ದರೆ ಲೆಕ್ಕವೇ ಬೇರೆ. ಇದನ್ನು ಮುಚ್ಚಿಡಬಾರದು, ಹೆದರಿಸಿಯೂ ಹೇಳಬಾರದು. ಬೈದ ಮೇಲೆ ಯಾರೂ ನಿಜವಾದ ಸಂಬಂಧ ಹೇಳುವುದಿಲ್ಲ, 'ಹೊರಗಿನ ಸಂಬಂಧ' ಅಂತ ಬರೆಸಿ ಹೋಗುತ್ತಾರೆ, ವಂಶವೃಕ್ಷವೇ ತಪ್ಪಾಗುತ್ತದೆ. ಶೀರ್ಷಿಕೆ ಬದಲಿಸಿ.

ಮಕ್ಕಳ ಡಾಕ್ಟರ್, ಜಯನಗರ: ಒಪ್ಪುವುದಿಲ್ಲ. ಹಾಗೇ ಕಳಿಸುತ್ತೇನೆ.

ಕೌನ್ಸೆಲರ್: ಕಳಿಸಿ. ನನ್ನ ಅಂಕ ಕಡಿಮೆ ಬರುತ್ತದೆ.



ಒಬ್ಬ ತಾಯಿ, ಕೆಂಗೇರಿ: ನಮಸ್ತೆ ಮೇಡಂ. ನನ್ನ ಮಗನಿಗೆ ಎಸ್‌ಎಂಎ, ಸ್ನಾಯುಗಳ ಬಲ ಕುಂದುತ್ತಾ ಹೋಗುವ ವಂಶದ ಕಾಯಿಲೆ. ಮೊದಲ ಸಲ ಡಾಕ್ಟರ್ 'ನಾಲ್ಕರಲ್ಲಿ ಒಂದು' ಅಂದಾಗ, ಒಂದು ಮಗುವಿಗೆ ಬಂದಾಯಿತು, ಮುಂದಿನ ಮೂವರಿಗೆ ಬರುವುದಿಲ್ಲ ಅಂದುಕೊಂಡೆವು. ನನ್ನಂಥವರು ಸೆಷನ್‌ನಲ್ಲಿ ಮಾತಾಡಬಹುದಾ? ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಕೌನ್ಸೆಲರ್: ಖಂಡಿತ ಮಾತಾಡಬಹುದು, ಕನ್ನಡದಲ್ಲೇ. ನೀವು ಹೇಳಿದ ಆ ಒಂದು ತಪ್ಪು ತಿಳುವಳಿಕೆಯೇ ಪೂರ್ತಿ ಸೆಷನ್ ಆಗುತ್ತದೆ. ನಾನು ಈಗ ಒಪಿಡಿಗೆ ಬಂದ ದಂಪತಿಗೆ ಎರಡು ನಾಣ್ಯ ಕೊಡುತ್ತೇನೆ, ಒಂದು ಗಂಡನಿಗೆ, ಒಂದು ಹೆಂಡತಿಗೆ. ಇಬ್ಬರಿಗೂ ಹಿಂಬದಿ ಬಿದ್ದರೆ ಮಗುವಿಗೆ ಕಾಯಿಲೆ. ಹತ್ತು ಸಲ ಚಿಮ್ಮಲಿ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು ಅನ್ನುವುದು ಅವರ ಕೈಗೇ ಗೊತ್ತಾಗುತ್ತದೆ. ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಒಪಿಡಿಗೆ ಬಂದವರಿಗೆ ಶೇಕಡಾವಾರು ಹೇಳಿ ಕಳಿಸುವುದು ಕೌನ್ಸೆಲಿಂಗ್ ಅಲ್ಲ. ಆದರೆ ಎರಡು ಮಾತು. ನಿಮ್ಮ ಪ್ರಯಾಣದ ಖರ್ಚನ್ನು ಪ್ರಪೋಸಲ್ ಕಳಿಸುವವರೇ ಕೊಡಬೇಕು. ವೇದಿಕೆ ಹತ್ತುವ ಮುಂಚೆ ಯಾವ ಕ್ಷಣದಲ್ಲಾದರೂ ನೀವು ಬೇಡ ಅನ್ನಬಹುದು. ವಿದ್ಯಾರ್ಥಿನಿ ಇದ್ದಾರಲ್ಲ ಯಲಹಂಕದವರು, ಅವರ ಜೊತೆ ಮಾತಾಡಿ.

ಒಬ್ಬ ತಾಯಿ, ಕೆಂಗೇರಿ: ಔಷಧದ ಹಣದ ಬಗ್ಗೆಯೂ ಹೇಳಬಹುದಾ? ನಮ್ಮನ್ನು ಎಲ್ಲೆಲ್ಲೋ ಅಲೆಸಿದರು.

ಕೌನ್ಸೆಲರ್: ಹೇಳಲೇಬೇಕು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ 50 ಲಕ್ಷದ ತನಕ ನೆರವಿಗೆ ಅವಕಾಶ ಇದೆ, ಬೆಂಗಳೂರಿನಲ್ಲಿ ಅದರ ಕೇಂದ್ರ ಅಂದರೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಆದರೆ ಎಸ್‌ಎಂಎ ಔಷಧವನ್ನು ವರ್ಷವರ್ಷ ತಗೊಳ್ಳಬೇಕಾದಾಗ ಆ ಮಿತಿ ಎಲ್ಲಿ ಸಾಲುತ್ತದೆ? ಇದನ್ನು ಕೌನ್ಸೆಲರ್‌ಗಳು ನಿಮ್ಮ ಬಾಯಿಂದಲೇ ಕೇಳಬೇಕು.

ಲ್ಯಾಬ್ ಉದ್ಯೋಗಿ, ವೈಟ್‌ಫೀಲ್ಡ್: ರೆಡಿಮೇಡ್ ಪ್ರಪೋಸಲ್ ಟೆಂಪ್ಲೇಟ್ ಓಡಾಡುತ್ತಿದೆ, ಹಾಕಲಾ?

ಕೌನ್ಸೆಲರ್: ಬೇಡ. ಹೋದ ಸಲ ಆ ಟೆಂಪ್ಲೇಟ್‌ನ ಮೊದಲ ಪ್ಯಾರಾ ನನಗೆ ಹನ್ನೊಂದು ಸಲ ಬಂತು. ಹನ್ನೊಂದನ್ನೂ ಬೇರೆ ಬೇರೆ ಹೇಗೆ ಅಳೆಯಲಿ?

ನರ್ಸ್, ಹೆಬ್ಬಾಳ: ಮೇಡಂ, ಪಿನ್ ಪೋಸ್ಟ್ ಕಾಣಿಸುತ್ತಿಲ್ಲ, ದಿನಾಂಕ ಹೇಳಿಬಿಡಿ.

ಕೌನ್ಸೆಲರ್: ಮೇಲೆ ಹೋಗಿ. ಇದೆ.

ಮಕ್ಕಳ ಡಾಕ್ಟರ್, ಜಯನಗರ: ಒಂದು ದಿನಾಂಕ ಹೇಳುವುದಕ್ಕೆ ಎಷ್ಟು ಬಿಗುಮಾನ.

ಕೌನ್ಸೆಲರ್: ಬೆಳಗ್ಗೆ ಎಂಟರಿಂದ ಬರೆಯುತ್ತಿದ್ದೇನೆ ಡಾಕ್ಟರೇ. ದಿನಾಂಕ ಬರೆದಿಟ್ಟಿದ್ದೇ ಆ ಸಮಯವನ್ನು ಈ ತಾಯಿಯ ಪ್ರಶ್ನೆಯಂಥವಕ್ಕೆ ಕೊಡೋಣ ಅಂತ.

ಹೊಸ ಕೌನ್ಸೆಲರ್, ವಿಜಯನಗರ: ಅಕ್ಕಾ, ಆ ಹುಡುಗಿಗೆ ಈಗ ಫೋನ್ ಮಾಡಿದೆ. ತಂದೆ ಟೆಸ್ಟ್ ಮಾಡಿಸಿಲ್ಲ. ತನ್ನ ರಿಸಲ್ಟ್ ಅವರಿಗೆ ಇನ್ನೂ ಹೇಳಿಲ್ಲವಂತೆ. ಸ್ಲೈಡ್ ಡಿಲೀಟ್ ಮಾಡಿದ್ದೇನೆ. ಕಾಲ್ಪನಿಕ ವಂಶವೃಕ್ಷದಿಂದ ಹೊಸದಾಗಿ ಬರೆಯುತ್ತೇನೆ.

ಕೌನ್ಸೆಲರ್: ಮೊದಲು ಅವಳಿಗೆ ಈ ವಾರ ಅಪಾಯಿಂಟ್‌ಮೆಂಟ್ ಕೊಡಿ, ಅಪ್ಪನಿಗೆ ಹೇಳುವುದೋ ಬೇಡವೋ ಅನ್ನುವುದನ್ನು ಒಬ್ಬಳೇ ಹೊತ್ತುಕೊಂಡು ಕೂತಿದ್ದಾಳೆ. ಬೇಕಾದರೆ ನಾನೂ ಬರುತ್ತೇನೆ. ಪ್ರಪೋಸಲ್ ಗುರುವಾರ ಕಳಿಸಿದರೂ ಸಾಕು.