ಮನೇಲಿ ಅತ್ತೆ, ಸ್ಕೂಲಲ್ಲಿ ಮಕ್ಕಳು: ಮೈಂಡ್‌ಫುಲ್‌ನೆಸ್ ನಿಜವಾಗ್ಲೂ ಉಪಯೋಗ ಆಗುತ್ತಾ?

ನಲಿಕಲಿ ಟೀಚರ್:
ಎಲ್ರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆ ಟೀಚರ್, ಒಂದರಿಂದ ಮೂರನೇ ಕ್ಲಾಸ್ ಮಕ್ಕಳು ಒಟ್ಟಿಗೆ ಕೂತು ಆಟ ಆಡ್ತಾ ಕಲಿಯೋ ನಲಿಕಲಿ ನಂದೇ. ಅತ್ತೆಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದೋಗಿದೆ, ಮಾತೂ ಸರಿಯಾಗಿ ಬರಲ್ಲ. ಬೆಳಿಗ್ಗೆ ಅವ್ರ ಮೈ ಒರೆಸಿ, ಡೈಪರ್ ಬದಲಾಯಿಸಿ, ಗಂಜಿ ಕುಡಿಸಿ ಬಸ್ ಹಿಡಿಯೋಷ್ಟರಲ್ಲೇ ಸುಸ್ತಾಗಿರುತ್ತೆ, ಆಮೇಲೆ ಸ್ಕೂಲಲ್ಲಿ ಹಾಲು, ಮೊಟ್ಟೆ, ಆನ್‌ಲೈನಲ್ಲಿ ಮಕ್ಕಳ ವಿವರ ತುಂಬೋ ಎಸ್‌ಎಟಿಎಸ್ ಎಂಟ್ರಿ, ಅದರ ಮಧ್ಯೆ ಪಾಠ. ಮಗು ಒಂಚೂರು ನೀರು ಚೆಲ್ಲಿದ್ರೂ ಮೈ ಎಲ್ಲಾ ಉರಿಯುತ್ತೆ. ಟ್ರೇನಿಂಗಲ್ಲಿ ಮೈಂಡ್‌ಫುಲ್‌ನೆಸ್ ಮಾಡಿ, ಅಂದ್ರೆ ಉಸಿರು ಥರ ಈ ಕ್ಷಣ ನಡೀತಿರೋದರ ಮೇಲೇ ಗಮನ ಇಡಿ ಅಂದ್ರು, ಆದ್ರೆ ಕಣ್ಮುಚ್ಚಿ ಕೂತ್ರೆ ಯೋಚನೆ ಇನ್ನೂ ಜಾಸ್ತಿ ಆಗುತ್ತೆ, ಅತ್ತೆ ಕರೆದ ಹಾಗೇ ಕೇಳಿಸುತ್ತೆ. ಯಾರಿಗಾದ್ರೂ ಇದರಿಂದ ಉಪಯೋಗ ಆಗಿದ್ಯಾ?

ವಾರ್ಡ್ ಸಿಸ್ಟರ್:
ಮೇಡಂ, ಕಣ್ಮುಚ್ಚೋದು ಕಡ್ಡಾಯ ಅಲ್ಲ. ನಿಮಗೆ ಬೇರೆ ಟೈಮ್ ಇಲ್ಲ ಅಂದ್ರೆ ಗಂಜಿ ಕುಡಿಸೋ ಟೈಮನ್ನೇ ತಗೊಳ್ಳಿ. ಸ್ಟ್ರೋಕ್ ಆದವ್ರಿಗೆ ಹೇಗೂ ಅವಸರದಲ್ಲಿ ಕುಡಿಸಬಾರದು, ನೆತ್ತಿಗೆ ಹತ್ತುತ್ತೆ. ನೆಟ್ಟಗೆ ಕೂರ್ಸಿ, ಗಲ್ಲ ಸ್ವಲ್ಪ ಕೆಳಗಿರಲಿ, ಅರ್ಧ ಚಮಚ ಕೊಟ್ಟು ಗಂಟಲು ಮೇಲೆ ಹೋಗಿ ಕೆಳಗೆ ಬರೋದನ್ನ ನೋಡಿ, ಅವ್ರು ನುಂಗೋವರೆಗೂ ನೀವೂ ನಿಧಾನಕ್ಕೆ ಒಂದು ಉಸಿರು ಬಿಡಿ, ಆಮೇಲೆ ಮುಂದಿನ ಚಮಚ. ಬಸ್ಸು ನೆನಪಾದ್ರೆ ಆಗ್ಲಿ, ಗಮನ ಮತ್ತೆ ಚಮಚಕ್ಕೆ ತನ್ನಿ. ಅತ್ತೆಗೂ ಕ್ಷೇಮ, ನಿಮಗೂ ಅಷ್ಟು ಹೊತ್ತು ತಲೆ ಒಂದೇ ಕಡೆ ಇರುತ್ತೆ.

ಕೌನ್ಸೆಲಿಂಗ್ ಓದಿದವಳು:
ಯೋಚನೆ ಬಂದ್ರೆ ನೀವು ಫೇಲ್ ಅಂತ ಅಲ್ಲ ಅಕ್ಕ, ಬಂತು ಅಂತ ಗೊತ್ತಾಗೋದೇ ಅಭ್ಯಾಸ. ಇದನ್ನ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್ ಜಿನ್ ಅನ್ನೋರು ಆಸ್ಪತ್ರೆ ಪೇಷಂಟ್‌ಗಳಿಗೆ, ಅದ್ರಲ್ಲೂ ವರ್ಷಗಟ್ಲೆ ನೋವು ತಿಂತಿದ್ದೋರಿಗೆ ಅಂತ ಕೋರ್ಸ್ ಮಾಡಿದ್ದು. 8 ವಾರ, ವಾರಕ್ಕೊಂದು ಎರಡೂವರೆ ಗಂಟೆ ಕ್ಲಾಸು, ಮನೇಲೂ ದಿನಾ ಅಭ್ಯಾಸ. ಟ್ರೇನಿಂಗಲ್ಲಿ ಐದು ನಿಮಿಷ ಕೂರ್ಸಿ ಇನ್ಮೇಲೆ ಟೆನ್ಷನ್ ಇರಲ್ಲ ಅಂದ್ರೆ ಅದು ನಿಮಗೆ ಮಾಡಿದ ಅನ್ಯಾಯ.

ರಿಟೈರ್ಡ್ ಮೇಷ್ಟ್ರು:
ಮಕ್ಕಳನ್ನೂ ಸೇರಿಸ್ಕೊಳಮ್ಮ. ದೆಹಲಿ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಹ್ಯಾಪಿನೆಸ್ ಕ್ಲಾಸ್ ಅಂತ ತಂದಾಗ ಅದರಲ್ಲಿ ಇದೂ ಇತ್ತು. ಊಟದ ಬೆಲ್ ಆದ್ಮೇಲೆ ಮಕ್ಕಳು ಒಳಗೆ ಬರ್ತಾರಲ್ಲ, ಆಗ ಎಲ್ರೂ ಸುಮ್ನೆ ಕೂತು ಹೊರಗಿಂದ ಏನೇನು ಸದ್ದು ಬರುತ್ತೆ ಅಂತ ಕೇಳಿ ಹೇಳ್ಲಿ. ಒಬ್ಬ ಕಾಗೆ ಅಂತಾನೆ, ಒಬ್ಬಳು ಅಡುಗೆಮನೆ ಪಾತ್ರೆ ಅಂತಾಳೆ. ನೀನೂ ಕೇಳು, ಆವಾಗ ಹಾಜರಿ ಪುಸ್ತಕ ಮುಟ್ಟಬೇಡ.

ಅಪ್ಪನ ಮಗ:
ಎಲ್ಲಾ ಸರಿ, ಆದ್ರೆ ಯಾರೂ ಕೇಳ್ಲಿಲ್ವಲ್ಲ, ನಿಮ್ಮ ಯಜಮಾನ್ರು ಬೆಳಿಗ್ಗೆ ಏನ್ ಮಾಡ್ತಾರೆ? ನಾದಿನಿ ಮೈದುನ ಯಾರೂ ಇಲ್ವಾ? ನಮ್ಮಪ್ಪಂಗೆ ಮರೆವಿನ ಕಾಯಿಲೆ, ನಾವು ಅಣ್ಣ ತಮ್ಮ ವಾರ ಹಂಚ್ಕೊಂಡ್ಮೇಲೇನೆ ನಂಗೆ ಉಸಿರಿನ ಮೇಲೆ ಗಮನ ಇಡೋಕಾಗಿದ್ದು. ಇಬ್ಬರ ಕೆಲ್ಸ ಒಬ್ರೇ ಮಾಡ್ಕೊಂಡು ಧ್ಯಾನದಿಂದ ತಡ್ಕೊಳ್ಳಿ ಅನ್ನೋದು ತಪ್ಪು. ಇನ್ನು ನಿದ್ದೆ ಬರ್ತಿಲ್ಲ, ಸುಮ್ಸುಮ್ನೆ ಅಳು ಬರುತ್ತೆ ಅನ್ನೋ ಹಾಗಿದ್ರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ್ದು, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ, ರಾತ್ರಿನೂ ಇರುತ್ತೆ.

ನಲಿಕಲಿ ಟೀಚರ್:
ಎಲ್ರಿಗೂ ಥ್ಯಾಂಕ್ಸ್. ಯಜಮಾನ್ರು ಬೆಳಿಗ್ಗೆ ಆರಕ್ಕೇ ಡ್ಯೂಟಿಗೆ ಹೋಗ್ತಾರೆ, ಸಂಜೆದಾದ್ರೂ ಅವ್ರಿಗೆ ವಹಿಸ್ತೀನಿ, ನಾದಿನಿ ಹತ್ರ ಭಾನುವಾರದ ಬಗ್ಗೆ ಕೇಳ್ತೀನಿ. ಸಿಸ್ಟರ್, ರಾತ್ರಿ ಅತ್ತೆ ಮಗ್ಗುಲು ಬದಲಾಯಿಸೋಕೆ ಎದ್ರೆ ಮತ್ತೆ ನಿದ್ದೆ ಹತ್ತಲ್ಲ, ಅದಕ್ಕೇನಾದ್ರೂ?

ವಾರ್ಡ್ ಸಿಸ್ಟರ್:
ಮೊಬೈಲ್ ಮುಟ್ಟಬೇಡಿ. ಮಲಗಿ ಕಾಲ್ಬೆರಳಿಂದ ಶುರು ಮಾಡಿ ಪಾದ, ಹಿಮ್ಮಡಿ, ಮೊಣಕಾಲು, ಸೊಂಟ ಅಂತ ಒಂದೊಂದೇ ಕಡೆ ಹೇಗನಿಸ್ತಿದೆ ನೋಡ್ಕೊಂಡು ಮೇಲೆ ಬನ್ನಿ. ನಿದ್ದೆ ಬರ್ಲೇಬೇಕು ಅಂತ ಹಠ ಬೇಡ. ಮತ್ತೆ ರಾತ್ರಿ ಒಂದು ಸಲ ಏಳೋದಾದ್ರೂ ಯಜಮಾನ್ರಿಗೆ ಬಿಡಿ ಮೇಡಂ.