ಮುಂಡಾ ಜನರ ಮೊದಲ ಅಜ್ಜ ಎಲ್ಲಿಂದ ಬಂದ?

ತೀರ್ಥಹಳ್ಳಿಯವ:

ವರ್ಗಾವಣೆಯಾಗಿ ಜಾರ್ಖಂಡಿನ ಖೂಂಟಿಗೆ ಬಂದು ಎರಡು ವರ್ಷವಾಯಿತು. ಬ್ಯಾಂಕಿನಲ್ಲಿ ಕೆಲಸ, ಓದಿದ್ದು ಬಿ.ಕಾಂ. ಜೀವಶಾಸ್ತ್ರವನ್ನು ಹತ್ತನೆಯ ತರಗತಿಯಲ್ಲಿ ಕಪ್ಪೆಯ ಚಿತ್ರ ಬರೆದು ಅಲ್ಲಿಯೇ ಬಿಟ್ಟವನು. ಈಗ ಅದೇ ಶಾಸ್ತ್ರದ ಒಂದು ಪ್ರಶ್ನೆ ತಲೆಗೆ ಹೊಕ್ಕು ಕುಳಿತಿದೆ. ಹೊಗಿಸಿದವರು ನಮ್ಮ ಶಾಖೆಯ ಕ್ಯಾಷಿಯರ್.

ಅವರು ಮುಂಡಾ ಜನಾಂಗದವರು, ಹೋರೋ ಕಿಲಿಗೆ ಸೇರಿದವರು. ಕಿಲಿ ಎಂದರೆ ನಮ್ಮಲ್ಲಿ ಬೆಡಗು ಎನ್ನುತ್ತಾರಲ್ಲ, ಅದೇ. ಹೋರೋ ಎಂದರೆ ಆಮೆ. ಆ ಕಿಲಿಯವರು ಆಮೆಯನ್ನು ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಒಂದೇ ಕಿಲಿಯೊಳಗೆ ಹೆಣ್ಣು ತರುವುದಿಲ್ಲ. ಕಿಲಿ ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಕಳೆದ ಚಳಿಗಾಲದಲ್ಲಿ ತಮ್ಮ ಊರಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಹುಣಸೆ ಮರಗಳ ನೆರಳಿನಲ್ಲಿ ಬಾಗಿಲಿನಷ್ಟು ಅಗಲದ ಚಪ್ಪಡಿ ಕಲ್ಲುಗಳು ಸಾಲಾಗಿ ಮಲಗಿದ್ದವು. ಸಸನ್‌ದಿರಿ ಎನ್ನುತ್ತಾರೆ. ಸತ್ತವರ ಮೂಳೆಗಳನ್ನು ಮಡಕೆಯಲ್ಲಿಟ್ಟು, ಜಾಂಗ್ ತೋಪಾ ಎಂಬ ಶಾಸ್ತ್ರ ಮಾಡಿ, ಆ ಕಲ್ಲಿನಡಿ ಸೇರಿಸುತ್ತಾರಂತೆ. ಒಂದು ಕಿಲಿಯವರ ಮೂಳೆ ಇನ್ನೊಂದು ಕಿಲಿಯ ಕಲ್ಲಿನಡಿ ಹೋಗುವ ಹಾಗಿಲ್ಲ. "ಸಾಬ್, ಇದೇ ನಮ್ಮ ಪಹಣಿ" ಎಂದು ಕಲ್ಲು ತಟ್ಟಿ ತೋರಿಸಿದರು. ಬ್ಯಾಂಕಿನವನಾದ ನಾನು ಎಷ್ಟೋ ಪಹಣಿ ನೋಡಿದ್ದೇನೆ, ಇಷ್ಟು ಭಾರದ್ದನ್ನು ನೋಡಿರಲಿಲ್ಲ.

ಹೋದ ವಾರ ಅವರ ಮೊಬೈಲಿಗೆ ಯಾರೋ ಒಂದು ಹಿಂದಿ ಸಂದೇಶ ಕಳಿಸಿದ್ದಾರೆ. ಮುಂಡಾ ಗಂಡಸರ ವಂಶವಾಹಿಯನ್ನು ಪರೀಕ್ಷಿಸಿದಾಗ ಅವರು ಲಾವೋಸ್‌ನಿಂದ ಬಂದವರೆಂದು ಸಾಬೀತಾಗಿದೆಯಂತೆ. ಹಾಗಾದ ಮೇಲೆ ಇವರು ಆದಿವಾಸಿಗಳು ಹೇಗಾದಾರು ಎಂದು ಕೊನೆಯಲ್ಲಿ ಚುಚ್ಚು ಬೇರೆ. ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚಿಟ್ಟು, "ನೀವು ಓದಿದವರು, ನೀವೇ ಹೇಳಿ" ಎಂದರು.

ಇನ್ನೂ ಒಂದು ಗೊಂದಲವಿದೆ. ನಮ್ಮ ಕಾವಲುಗಾರ ಉರಾಂವ್ ಜನಾಂಗದವನು, ಮನೆಮಾತು ಕನ್ನಡದಂತೆಯೇ ದ್ರಾವಿಡ ಬಳಗದ ಕುಡುಖ್. ಅವನು ಕಣ್ಣಿಗೆ ‘ಖನ್ನ್’, ಹಲ್ಲಿಗೆ ‘ಪಲ್ಲ್’ ಎನ್ನುತ್ತಾನೆ. ತಮ್ಮ ಹಿರಿಯರು ಕರ್ನಾಟಕದ ಕಡೆಯಿಂದ ಬಂದವರೆಂಬ ಐತಿಹ್ಯ ಅವರಲ್ಲಿದೆ. ಹಾಗಾಗಿ ನನ್ನನ್ನು ಕಂಡರೆ ಊರವನು ಎಂಬ ಸಲಿಗೆ. ಕ್ಯಾಷಿಯರ್ ಕಣ್ಣಿಗೆ ‘ಮೇದ್’ ಎನ್ನುತ್ತಾರೆ. ಸಿಮ್ಡೇಗಾದಿಂದ ಬಂದಿರುವ ಖಡಿಯಾ ಗುಮಾಸ್ತೆ ಅಕ್ಕಿಗೆ ‘ರುಮ್‌ಕುಬ್’ ಎನ್ನುತ್ತಾರೆ. ಮೂವರೂ ಸಂತೆಯ ದಿನ ಒಂದೇ ಮಡಕೆಯ ಹಂಡಿಯಾ, ಅಂದರೆ ಅಕ್ಕಿಯ ಹೆಂಡ, ಕುಡಿಯುವವರು. ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ತಾಯಿಯ ಮಕ್ಕಳೆನ್ನಬೇಕು. ಇವರಲ್ಲಿ ಒಬ್ಬರು ಲಾವೋಸ್‌ನವರು, ಒಬ್ಬರು ನಮ್ಮವರು ಎಂದರೆ ನಂಬುವುದು ಹೇಗೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ ಮೇಷ್ಟ್ರು, ಮೈಸೂರು:

ಒಂದೇ ತಾಯಿಯ ಮಕ್ಕಳು ಎಂದಿರಲ್ಲ, ಉತ್ತರದ ಅರ್ಧ ಅಲ್ಲಿಯೇ ಇದೆ.

ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತು ಅಪ್ಪನಿಂದ ಮಗನಿಗೆ ಬಹುಪಾಲು ಇದ್ದ ಹಾಗೆಯೇ ಇಳಿಯುತ್ತದೆ, ನಿಮ್ಮ ಕ್ಯಾಷಿಯರ್ ಅವರ ಕಿಲಿಯ ಹಾಗೆ. ಎಲ್ಲೋ ಒಮ್ಮೆ ನಕಲು ಮಾಡುವಾಗ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಗಂಡು ಸಂತತಿಗೆಲ್ಲ ಮುದ್ರೆಯಾಗಿ ಉಳಿಯುತ್ತದೆ. ಅಂಥ ಒಂದು ಮುದ್ರೆಗೆ ಎಂ95 ಎಂದು ಹೆಸರು. ವೈ ವರ್ಣತಂತುವಿನ ‘ಓ’ ಎಂಬ ದೊಡ್ಡ ಕವಲಿನ ಒಂದು ಟೊಂಗೆ ಅದು. ಒಟ್ಟಾರೆ ನೋಡಿದರೆ ಮುಂಡಾ, ಸಂತಾಲ, ಹೋ, ಖಡಿಯಾ, ಜುವಾಂಗ್ ಮುಂತಾದ ಗುಂಪುಗಳ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಮುದ್ರೆ ಇದೆ. ಮೇಘಾಲಯದ ಖಾಸಿಗಳಲ್ಲಿ, ನಿಕೋಬಾರಿನಲ್ಲಿ, ಅಲ್ಲಿಂದಾಚೆ ಕಾಂಬೋಡಿಯಾ, ವಿಯೆಟ್ನಾಂವರೆಗೂ ಇದೆ.

ಭಾಷೆಯೂ ಅದೇ ದಾರಿಯಲ್ಲಿದೆ. ಕ್ಯಾಷಿಯರ್ ಹೇಳುವ ‘ಮೇದ್’ ಖಾಸಿಯಲ್ಲಿ ‘ಖ್ಮತ್’, ವಿಯೆಟ್ನಾಮಿನಲ್ಲಿ ‘ಮಾತ್’. ಗುಮಾಸ್ತೆಯವರ ‘ರುಮ್‌ಕುಬ್’ಗೆ ಕಾಂಬೋಡಿಯಾದ ಖ್ಮೇರ್ ಭಾಷೆಯ ‘ಅಂಗ್ಕಾ’ ದೂರದ ನಂಟ. ಈ ಭಾಷೆಗಳ ಕುಟುಂಬಕ್ಕೆ ಆಸ್ಟ್ರೋಏಷ್ಯಾಟಿಕ್ ಎಂದು 1906ರಲ್ಲಿ ಹೆಸರಿಟ್ಟವನು ವಿಲ್ಹೆಲ್ಮ್ ಶ್ಮಿಟ್ ಎಂಬ ಪಾದ್ರಿ.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಹಿಂದಿ ಸಂದೇಶ ಗೆಲ್ಲುತ್ತದೆ. ಆದರೆ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ವಂಶವಾಹಿಯನ್ನು ನೋಡಿ. ಮುಂಡಾ ಭಾಷಿಕರಲ್ಲಿ (ಮೇಲೆ ಹೇಳಿದ ಸಂತಾಲ, ಹೋ, ಖಡಿಯಾ ಮುಂತಾದವರೆಲ್ಲ ಸೇರಿ) ಅದು ಬಹುತೇಕ ಈ ನೆಲದ್ದೇ, ಭಾರತದ ಉಳಿದವರಲ್ಲೂ ಕಾಣುವ ಹಳೆಯ ಕವಲುಗಳು. ಜ್ಞಾನೇಶ್ವರ ಚೌಬೆ ಮತ್ತು ಸಂಗಡಿಗರು 2011ರಲ್ಲಿ ಅಪ್ಪನ ಗೆರೆ, ಅಮ್ಮನ ಗೆರೆ ಎರಡನ್ನೂ, ಜೊತೆಗೆ ಉಳಿದ ವರ್ಣತಂತುಗಳ ಮೇಲಿನ ಆರು ಲಕ್ಷ ಹತ್ತು ಸಾವಿರ ಗುರುತುಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಪೂರ್ವದಿಂದ ಜನ ಬಂದರು, ಬಂದ ಗಂಡಸರು ಇಲ್ಲಿನ ಹೆಂಗಸರೊಂದಿಗೆ ಸಂಸಾರ ಹೂಡಿದರು ಎಂಬುದು ಅವರು ಕಂಡ ಚಿತ್ರ.

ಲಾವೋಸ್ ಎಲ್ಲಿಂದ ಬಂತು ಎಂದರೆ, 2019ರ ಇನ್ನೊಂದು ಅಧ್ಯಯನದಿಂದ. 102 ಮುಂಡಾ ಭಾಷಿಕರ ಮಾದರಿಗಳನ್ನು ನೋಡಿ, ಈ ಬೆರಕೆ 2000ದಿಂದ 3800 ವರ್ಷಗಳ ಹಿಂದೆ ನಡೆದಿರಬೇಕೆಂದು ಲೆಕ್ಕ ಹಾಕಿದರು. ಇಂದಿನ ಜನರಲ್ಲಿ ಯಾರನ್ನು ಬೆರೆಸಿದರೆ ಮುಂಡಾ ಮಾದರಿಗೆ ಹತ್ತಿರ ಬರುತ್ತದೆ ಎಂದು ಹುಡುಕಿದಾಗ ಲಾವೋಸ್‌ನ ಲಾವೋ ಜನರ ಪಾಲು ನೂರಕ್ಕೆ 29, ಕೇರಳದ ದ್ರಾವಿಡ ಭಾಷಿಕರ ಪಾಲು 71 ಎಂದಾಯಿತು. ಸಂದೇಶ ಬರೆದ ಮಹಾಶಯ 29ನ್ನು ಹಿಡಿದುಕೊಂಡು 71ನ್ನು ನುಂಗಿದ್ದಾನೆ. ಅಲ್ಲದೆ ಲಾವೋ ಜನ ಇಲ್ಲಿ ಬದಲಿ ಮಾದರಿ ಮಾತ್ರ. ಅವರ ಇಂದಿನ ಭಾಷೆ ಥಾಯ್ ಬಳಗದ್ದು, ಮುಂಡಾ ಬಳಗದ್ದಲ್ಲ. ತೀರಿಹೋದ ಮುತ್ತಜ್ಜನ ಮೂಗು ಹೇಗಿತ್ತು ಎಂದು ಮಕ್ಕಳು ಕೇಳಿದರೆ ಬದುಕಿರುವ ದೊಡ್ಡಪ್ಪನನ್ನು ತೋರಿಸುತ್ತೇವೆ. ಅಷ್ಟಕ್ಕೆ ದೊಡ್ಡಪ್ಪ ಮುತ್ತಜ್ಜನಾಗುವುದಿಲ್ಲ.

ಇನ್ನು ಅಂಕಗಣಿತ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ ಹಿರಿಯರ 1024 ಸ್ಥಾನಗಳಿವೆ. ವೈ ವರ್ಣತಂತು ಹೇಳುವುದು ಅದರಲ್ಲಿ ಒಬ್ಬನೇ ಒಬ್ಬನ ಕಥೆ. ಉಳಿದ 1023 ಮಂದಿಯ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ.

ಅನುಮಾನದ ಹುಳು:

ಮೇಷ್ಟ್ರು ಬಹಳ ಖಚಿತವಾಗಿ ಹೇಳುತ್ತಿದ್ದಾರೆ. 2007ರಲ್ಲಿ ಭಾರತದ ಸಂಶೋಧಕರೇ ಇದೇ ಎಂ95 ಹುಟ್ಟಿದ್ದು ಭಾರತದಲ್ಲಿ, ಸುಮಾರು 65,000 ವರ್ಷಗಳ ಹಿಂದೆ, ಇಲ್ಲಿಂದಲೇ ಅದು ಪೂರ್ವಕ್ಕೆ ಹೋಯಿತು ಎಂದು ಬರೆದಿದ್ದರು. ನಾಲ್ಕು ವರ್ಷದಲ್ಲಿ ಬಾಣದ ಗುರುತು ತಿರುಗುಮುರುಗಾಯಿತು. ನಾಳೆ ಮತ್ತೆ ತಿರುಗುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ?

ನಿವೃತ್ತ ಮೇಷ್ಟ್ರು, ಮೈಸೂರು:

ನೀವು ಹೇಳಿದ ಲೇಖನ ನನಗೂ ಗೊತ್ತು. ಅದರಲ್ಲಿ 65,000ದ ಪಕ್ಕದಲ್ಲಿಯೇ ಆವರಣದಲ್ಲಿ ಇನ್ನೊಂದು ಮಾತಿದೆ: 25,442ರಿಂದ 1,32,230ರವರೆಗೆ. ಸಾವಿರ ವರ್ಷಗಳ ಲೆಕ್ಕದಲ್ಲಿ ‘ಇಪ್ಪತ್ತೈದೋ ನೂರಾಮೂವತ್ತೋ’ ಎಂದ ಹಾಗಾಯಿತು. ಆಗ ವೈ ವರ್ಣತಂತುವಿನ ಕಾಲವನ್ನು ಅಳೆಯುತ್ತಿದ್ದುದು ಅದರ ಮೇಲೆ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳ ಎಣಿಕೆಯಿಂದ. ಆ ತುಣುಕುಗಳು ಬದಲಾಗುವ ವೇಗಕ್ಕೆ ಎರಡು ಅಂದಾಜುಗಳು ಚಾಲ್ತಿಯಲ್ಲಿದ್ದವು, ಒಂದು ಇನ್ನೊಂದರ ಮೂರರಷ್ಟು. ಯಾವುದನ್ನು ಹಿಡಿಯುತ್ತೀರಿ ಎಂಬುದರ ಮೇಲೆ ಅಜ್ಜನ ವಯಸ್ಸು ಹಿಗ್ಗುತ್ತದೆ, ಕುಗ್ಗುತ್ತದೆ.

ಬಾಣದ ದಿಕ್ಕು ತಿರುಗಿದ್ದಕ್ಕೆ ಕಾರಣ ಬೇರೆ. ಪ್ರಶ್ನೆ ಕೇಳಿದವರು ಮಲೆನಾಡಿನವರು, ಅವರಿಗೆ ಬೇಗ ಹೊಳೆಯುತ್ತದೆ. ಅಪ್ಪೆಮಿಡಿಯಲ್ಲಿ ಎಷ್ಟು ಬಗೆ ಬೇಕು? ಅಘನಾಶಿನಿ, ಶರಾವತಿಯ ದಂಡೆಗೆ ಹೋಗಿ, ಮರಕ್ಕೊಂದು ಪರಿಮಳ. ಬೆಂಗಳೂರಿನ ಹಿತ್ತಿಲಲ್ಲಿ ಸಿಗುವುದು ಅಲ್ಲಿಂದ ತಂದು ಕಸಿ ಮಾಡಿದ ಒಂದೆರಡು. ಬಗೆ ಹೆಚ್ಚಿದ್ದಲ್ಲಿ ತವರು. ಹೆಚ್ಚು ಮಾದರಿಗಳನ್ನು ಕೂಡಿಸಿ ನೋಡಿದಾಗ ಎಂ95ರ ಬಗೆಗಳು ಆಗ್ನೇಯ ಏಷ್ಯಾದಲ್ಲಿ ಹೆಚ್ಚು, ಇಲ್ಲಿ ಕಡಿಮೆ ಎಂದು ಕಂಡಿತು. ಇನ್ನೊಂದು ಎಚ್ಚರ: ಅಲ್ಲಿ ಅದರ ವಯಸ್ಸು 17ರಿಂದ 28 ಸಾವಿರ ವರ್ಷ ಎಂದರೆ ಅದು ಮುದ್ರೆಯ ವಯಸ್ಸು, ಜನ ನಿಮ್ಮ ಖೂಂಟಿಯಿರುವ ಛೋಟಾನಾಗಪುರ ಪ್ರಸ್ಥಭೂಮಿಗೆ ಬಂದ ವರ್ಷವಲ್ಲ.

ವಯಸ್ಸು ಮತ್ತು ದಿಕ್ಕಿನ ಬಗ್ಗೆ ಜಗಳವಾಡುವ 2007ರ ಮತ್ತು 2011ರ ಈ ಎರಡು ಲೇಖನಗಳೂ ಒಂದು ಕಡೆ ಒಪ್ಪುತ್ತವೆ. ಅಪ್ಪನ ಗೆರೆ ಇಲ್ಲಿಯವರನ್ನೂ ಅಲ್ಲಿಯವರನ್ನೂ ಕೂಡಿಸುತ್ತದೆ, ಅಮ್ಮನ ಗೆರೆ ಕೂಡಿಸುವುದಿಲ್ಲ. 2007ರಲ್ಲೂ ಇದೇ ಮಾತಿತ್ತು.

ಆಮೇಲೆ 2018ರಲ್ಲಿ ಉತ್ತರ ವಿಯೆಟ್ನಾಮಿನ ಮಾನ್ ಬಾಕ್ ಎಂಬಲ್ಲಿನ ನಾಲ್ಕು ಸಾವಿರ ವರ್ಷ ಹಳೆಯ ಅಸ್ಥಿಗಳಿಂದ ವಂಶವಾಹಿಯನ್ನು ತೆಗೆದರು. ಆ ಆದಿಕಾಲದ ಬೇಸಾಯಗಾರರಿಗೂ ಇಂದಿನ ಆಸ್ಟ್ರೋಏಷ್ಯಾಟಿಕ್ ಭಾಷಿಕರಿಗೂ ಹತ್ತಿರದ ಸಂಬಂಧ ಸಿಕ್ಕಿತು. ಬಂದ ದಾರಿ ಯಾವುದು ಎಂಬುದರಲ್ಲಿ ಮಾತ್ರ ವಾದ ಮುಗಿದಿಲ್ಲ. ಭಾಷಾತಜ್ಞರಾದ ಫೆಲಿಕ್ಸ್ ರಾವ್ ಮತ್ತು ಪಾಲ್ ಸಿಡ್‌ವೆಲ್ ಸಮುದ್ರ ದಾಟಿ ಮಹಾನದಿಯ ಮುಖಜಭೂಮಿಗೆ ಬಂದರೆನ್ನುತ್ತಾರೆ. ನನಗೆ ಆ ವಾದ ಹಿಡಿಸಿತು. ದೋಣಿಯಲ್ಲಿ ಬಂದವರಲ್ಲಿ ಗಂಡಸರೇ ಹೆಚ್ಚಿದ್ದರು ಎಂದರೆ ಈ ಲೆಕ್ಕವೆಲ್ಲ ಸರಾಗವಾಗಿ ಕೂಡುತ್ತದೆ.

ಕಡಲಕರೆಯವಳು:

ಅಪ್ಪನ ಗೆರೆಯೇ ಕುಲದ ಗೆರೆ ಎಂದು ಎಲ್ಲರೂ ಹಿಡಿದುಕೊಂಡಿದ್ದೀರಿ. ನಾನು ಉಡುಪಿ ಕಡೆಯವಳು, ನಮ್ಮಲ್ಲಿ ‘ಬಳಿ’, ಅಂದರೆ ಕುಲ, ಬರುವುದು ತಾಯಿಯಿಂದ. ಮೂರು ವರ್ಷ ಶಿಲ್ಲಾಂಗ್‌ನಲ್ಲಿ ಪಾಠ ಮಾಡಿದೆ. ಖಾಸಿಗಳಲ್ಲೂ ಹಾಗೆಯೇ. ಕುಲಕ್ಕೆ ‘ಕುರ್’ ಎನ್ನುತ್ತಾರೆ, ಕುಲ ಹುಟ್ಟಿದ್ದು ಹೆಣ್ಣಿನಿಂದ ಎಂಬ ಗಾದೆಯೇ ಇದೆ. ಪೂರ್ವಿಕರ ಮನೆ ಕಿರಿಯ ಮಗಳು ‘ಕಾ ಖದ್ದೂ’ಗೆ ಸೇರುತ್ತದೆ. ಅಲ್ಲಿನ ಗಂಡಸಿನ ವೈ ವರ್ಣತಂತುವನ್ನು ಪರೀಕ್ಷಿಸಿದರೆ ಸಿಗುವುದು ಅವನ ಕುಲವಲ್ಲ, ಪ್ರತಿ ತಲೆಮಾರಿನಲ್ಲೂ ಬೇರೆ ಬೇರೆ ಕುಲದಿಂದ ಬಂದ ಗಂಡಂದಿರ ಸಾಲು. ಖಾಸಿಗಳಲ್ಲಿ ಮುಂಡಾಗಳಂತಲ್ಲದೆ ತಾಯಿಯ ಗೆರೆಯಲ್ಲೂ ಪೂರ್ವದ ಪಾಲು ಚೆನ್ನಾಗಿಯೇ ಇದೆ. ಭಾಷೆಯ ಕುಟುಂಬ ಒಂದೇ ಆದರೂ ಸಂಸಾರ ಕಟ್ಟಿದ ರೀತಿ ಎರಡು.

ಕಾವಲುಗಾರನ ವಿಷಯಕ್ಕೆ ಒಂದು ಮಾತು. ರಾಂಚಿಯ ಪೂರ್ವಕ್ಕೆ ಕುಡುಖ್ ಬಿಟ್ಟು ಮುಂಡಾರಿಯನ್ನೇ ಮನೆಮಾತು ಮಾಡಿಕೊಂಡ ಉರಾಂವರಿದ್ದಾರೆ. ನಾಲಗೆ ನೋಡಿ ರಕ್ತ ಹೇಳುವ ಜ್ಯೋತಿಷ್ಯ ಅಲ್ಲಿ ನಡೆಯುವುದಿಲ್ಲ.

ತೀರ್ಥಹಳ್ಳಿಯವ:

ಎಲ್ಲರಿಗೂ ಧನ್ಯವಾದ. ಇವತ್ತು ಬ್ಯಾಂಕ್ ಮುಚ್ಚಿದ ಮೇಲೆ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು, ನನ್ನ ಹರಕು ಹಿಂದಿಯಲ್ಲಿ ಕ್ಯಾಷಿಯರ್‌ಗೆ ಇದನ್ನೆಲ್ಲ ಒಪ್ಪಿಸಿದೆ. 29 ಮತ್ತು 71 ಎಂದಾಗ ಹಣ ಎಣಿಸುವವರ ಗಮನದಿಂದ ಕೇಳಿದರು. ಮೂರು ಸಾವಿರ ವರ್ಷವೆಂದರೆ ಕಡಿಮೆಯೇನಲ್ಲ, ನಮ್ಮ ಕನ್ನಡದ ಹಲ್ಮಿಡಿ ಶಾಸನಕ್ಕೆ ಅದರ ಅರ್ಧದಷ್ಟು ವಯಸ್ಸು ಎಂದೆ. ತಾಯಂದಿರ ಲೆಕ್ಕಕ್ಕೆ ಬಂದರೆ ಅವರನ್ನು ಈ ನೆಲದಿಂದ ಎಬ್ಬಿಸಲು ಯಾವ ಸಂದೇಶಕ್ಕೂ ಸಾಧ್ಯವಿಲ್ಲ ಎಂದೂ ಹೇಳಿದೆ.

ಅವರೊಂದು ವಿಷಯ ಹೇಳಿದರು, ನನಗೆ ಹೊಸದು. 1908ರ ಛೋಟಾನಾಗಪುರ ಗೇಣಿ ಕಾಯ್ದೆಯಲ್ಲಿ ಕಾಡು ಕಡಿದು ಊರು ಕಟ್ಟಿದವರ ಖೂಂಟ್‌ಕಟ್ಟಿ ಹಕ್ಕನ್ನು ಮಾನ್ಯ ಮಾಡಿದ್ದಾರೆ, ಆದರೆ ಗಂಡು ಸಂತತಿಯ ಸಾಲಿನಲ್ಲಿ. "ನೋಡಿ ಸಾಬ್, ಲಾವೋಸ್‌ನಿಂದ ಬಂದವನ ಹೆಸರಿಗೆ ಜಮೀನು, ಇಲ್ಲಿಯವಳಿಗೆ ಏನೂ ಇಲ್ಲ" ಎಂದು ನಕ್ಕರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ.

ಚಹಾ ಮುಗಿಸಿ ಲೋಟ ಕೆಳಗಿಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನಮ್ಮ ಮೊದಲ ಅಜ್ಜ ಮನೆಅಳಿಯನಾಗಿ ಬಂದವನು" ಎಂದರು. ಸೈಕಲ್ ಹತ್ತುವ ಮುಂಚೆ ಮತ್ತೆ ತಿರುಗಿ ಕೇಳಿದರು: ಆಗ ಇಲ್ಲಿ ಅವನ ಕಿಲಿಯ ಕಲ್ಲು ಒಂದೂ ಇರಲಿಲ್ಲವಲ್ಲ, ಅವನ ಮೂಳೆಗಳನ್ನು ಯಾರ ಕಲ್ಲಿನಡಿ ಇಟ್ಟರು?